ಗುಡ್ಡೆಯ ಏರುತಗ್ಗು

ಮದ್ರಾಸಿನ ಗಾಲ್ಫ್ ಕ್ಲಬ್ಬಿನಿಂದ ಒಬ್ಬರೇ ಬಂದಿದ್ದ ದೊರೆಗಳು ಹ್ಯಾಟು ತೆಗೆದಿಟ್ಟು, ಹುಲ್ಲಿನ ಮೇಲೆ ಬೋರಲಾಗಿ ಮಲಗಿ, ಒಂದು ಕಣ್ಣು ಮುಚ್ಚಿ ನೆಲ ನೋಡತೊಡಗಿದಾಗ ಚೆನ್ನಕೇಶವ ಗೌಡನಿಗೆ ತುಂಬ ಸಂತೋಷವಾಯಿತು. ಅಷ್ಟು ಹತ್ತಿರದಿಂದ ನೋಡಿದರೆ ಅಲ್ಲಿನ ಏರುತಗ್ಗು ಎಂಥವನಿಗೂ ಕಾಣಿಸದೆ ಇರದು. ಇವತ್ತಿಗೆ ಈ ಗಾಲ್ಫು ನಮ್ಮ ಗುಡ್ಡೆಯಿಂದ ಇಳಿಯಿತು ಎಂದುಕೊಂಡು ಅವನು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ದೊರೆಗಳ ಮೈಬಣ್ಣ ನಮ್ಮದೇ. ಆದರೆ ಹ್ಯಾಟು ಇತ್ತಲ್ಲ, ಊರವರು ದೊರೆಗಳು ಎಂದೇ ಕರೆದಿದ್ದರು.

ಜಾಲ್ಸೂರಿನ ಆಚೆಗಿದ್ದ ಆ ಗುಡ್ಡೆ ಚೆನ್ನಕೇಶವನ ಗದ್ದೆಯ ಕುಮ್ಕಿ. ಜಾಗ ಸರಕಾರದ್ದು, ಸೊಪ್ಪು ಕಡಿಯುವ ಹಕ್ಕು ಅವನದು. ಅಲ್ಲಿಯ ಸೊಪ್ಪನ್ನು ದನದ ಹಟ್ಟಿಗೆ ಹಾಸಿದರೆ ಗೊಬ್ಬರ, ಗೊಬ್ಬರ ಇದ್ದರೆ ಗದ್ದೆ. ಸ್ವಾತಂತ್ರ್ಯ ಬಂದು ಹನ್ನೆರಡು ವರ್ಷವಾದ ಮೇಲೆ ಪಕ್ಕದ ರಬ್ಬರ್ ಕಂಪೆನಿಯವರಿಗೆ ಬಿಳಿಯರು ಬಿಟ್ಟುಹೋದ ಆಟದ ಮೇಲೆ ಪ್ರೀತಿ ಹುಟ್ಟಿ, ಗುಡ್ಡೆಯನ್ನು ಸರಕಾರದಿಂದ ಕೇಳಿ ಪಡೆದಿದ್ದರು. ಒಂದು ಮರವನ್ನೂ ಕಡಿಯುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಹೊಸ ಮಾದರಿಯ ಗಾಲ್ಫಿಗೆ ಮರಗಳ ತೋಪೇ ಶೋಭೆಯಂತೆ. ಮರ ಇರುತ್ತದೆ, ಸೊಪ್ಪಿಗೆ ಮಾತ್ರ ಯಾರೂ ಕೈ ಹಾಕಬಾರದು. ಮದ್ರಾಸಿನವರು ನೋಡಿ ಒಪ್ಪಿದರೆ ಸುತ್ತ ಬೇಲಿ ಬೀಳುತ್ತದೆ, ಒಪ್ಪದಿದ್ದರೆ ಗುಡ್ಡೆ ಹಿಂದಿನಂತೆಯೇ.

ಉಪಾಯ ಹೇಳಿದವಳು ಅವನ ಹೆಂಡತಿ ದಮಯಂತಿ. ಇನ್ನು ಸೊಪ್ಪಿಗೆ ಹೊಳೆ ದಾಟಬೇಕಾಗಿ ಬಂದರೆ ಹೊರೆ ಬೀಳುವುದು ಅವಳ ತಲೆಯ ಮೇಲೆ ತಾನೆ? ಕಂಪೆನಿಯ ಮಣ್ಣಿನ ಕೆಲಸಕ್ಕೆ ಬೇರೆಯವರು ಸೇರಿದರೆ ಚೆನ್ನಾಗಿ ಮಾಡಿಬಿಡುತ್ತಾರೆ, ನೀವೇ ಹೋಗಿ ಸೇರಿ, ಸೇರಿ ಕೆಡಿಸಿ ಎಂದಿದ್ದಳು. ಚೆಂಡು ಬೀಳುವ ಕುಳಿಯ ಸುತ್ತ ನುಣುಪಾಗಿ ಹುಲ್ಲು ಬೆಳೆಸಿದ ಅಂಗಳಕ್ಕೆ ಕಂಪೆನಿಯವರು ಗ್ರೀನ್ ಎನ್ನುತ್ತಿದ್ದರು, ಕೆಲಸದವರು ಪಚ್ಚೆ ಎನ್ನುತ್ತಿದ್ದರು. ಅಂಥ ಒಂಬತ್ತು ಪಚ್ಚೆಗಳನ್ನು ಮಾಡುವ ಕೆಲಸ ಚೆನ್ನಕೇಶವನ ಕೈಗೆ ಬಂತು. ಗದ್ದೆಯವನಿಗೆ ಗೊತ್ತಿರುವ ದೊಡ್ಡ ಹಾಳು ಒಂದೇ, ನೆಲ ಸಮ ಇಲ್ಲದಿರುವುದು. ಒಂದು ಮೂಲೆಯಲ್ಲಿ ನೀರು ನಿಂತು ಇನ್ನೊಂದು ಮೂಲೆ ಒಣಗಿದರೆ ನಟ್ಟಿ ನೆಡುವ ಹೆಂಗಸರು ಆ ಯಜಮಾನನನ್ನು ಊರೆಲ್ಲ ಆಡಿಕೊಳ್ಳುತ್ತಾರೆ. ಆದ್ದರಿಂದ ಅವನು ಎತ್ತರ ಇದ್ದಲ್ಲಿಗೆ ಮತ್ತಷ್ಟು ಮಣ್ಣು ಹಾಕಿದ, ತಗ್ಗು ಇದ್ದಲ್ಲಿಂದ ಮತ್ತಷ್ಟು ತೆಗೆದ, ಮೇಲೆ ಗರಿಕೆ ಹಬ್ಬಿಸಿದ. ಕಂಪೆನಿಯ ಮೆನೇಜರಿಗೆ ರಬ್ಬರಿನ ಹಾಲು ಬಿಟ್ಟು ಬೇರೇನೂ ತಿಳಿಯದ್ದರಿಂದ ಯಾರೂ ಕೇಳಲಿಲ್ಲ. ಜನ್ಮದಲ್ಲಿ ಇಂಥ ಕೆಲಸ ಮಾಡಿದವನಲ್ಲ ಚೆನ್ನಕೇಶವ. ಮೊದಲ ದಿನ ಅವನಿಗೆ ಊಟವೇ ಸೇರಿರಲಿಲ್ಲ.

ದೊರೆಗಳು ಎದ್ದು, ಕೋಲು ತೆಗೆದುಕೊಂಡು ಚೆಂಡನ್ನು ಮೆಲ್ಲನೆ ತಟ್ಟಿದರು. ಕುಳಿಯ ಕಡೆಗೇ ಹೊರಟ ಚೆಂಡು ನಡುದಾರಿಯಲ್ಲಿ ಬಲಕ್ಕೆ ವಾಲಿ, ತಗ್ಗಿಗಿಳಿದು ನಿಂತಿತು. ಮತ್ತೊಮ್ಮೆ ತಟ್ಟಿದರು, ಅದೂ ಹಾಗೆಯೇ. ದೊರೆಗಳಿಗೆ ನಗು ಬಂತು. ಕಂಪೆನಿಯ ಲೆಕ್ಕ ಬರೆಯುವ ರೈಟರ್ ಸಾಹುಲ್ ಹಮೀದನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು.

"ಎಂತ ಹೇಳುದು ಸಾಯ್ಬ್ರೆ? ಆಗುದಿಲ್ಲ ಅಂತವಾ?" ಎಂದು ಚೆನ್ನಕೇಶವ ಆಸೆಯಿಂದ ಕೇಳಿದ.

"ಚೆಂಡು ನೆಟ್ಟಗೆ ಹೋದ್ರೆ ಅದ್ರಲ್ಲಿ ಆಟ ಎಂತ ಉಂಟು ಅಂತ ಕೇಳ್ತಾರೆ. ಇಂಥ ಏರುತಗ್ಗು ದೊಡ್ಡ ದೊಡ್ಡ ಕ್ಲಬ್ಬಲ್ಲಿ ಸಹ ಇಲ್ಲಂತೆ. ನಿಮ್ಮದು ಭಾರೀ ಕೈ ಅಂತೆ ಗೌಡ್ರೆ."

ಮುಂದಿನ ಪಚ್ಚೆಗಳಲ್ಲೂ ಅದೇ ಕಥೆ. ಹೆಚ್ಚು ಹಾಳು ಮಾಡಿದಲ್ಲಿ ಹೆಚ್ಚು ಹೊಗಳಿಕೆ. ಒಂದರಿಂದ ಒಂದಕ್ಕೆ ಮರಗಳ ನಡುವೆ ಬಳಸಿ ಹೋಗುವ ದಾರಿಯನ್ನಂತೂ ದೊರೆಗಳು ನಿಂತು ನಿಂತು ನೋಡಿದರು. ಅದು ಚೆನ್ನಕೇಶವನ ದನಗಳು ಮೇಯುತ್ತಾ ಮಾಡಿಕೊಂಡ ದಾರಿ. ಅವನು ಹಿಂದಿನಿಂದ ಕಾಲೆಳೆದುಕೊಂಡು ನಡೆದ.

ಕೊನೆಯ ಪಚ್ಚೆಯಲ್ಲಿ ದೊರೆಗಳ ನಗು ಮಾಯವಾಯಿತು. ಅದು ದಾರಿಬದಿಯದು, ಪೇಟೆಗೆ ಹೋಗಿಬರುವವರೆಲ್ಲ ನಿಂತು ನೋಡುವಂಥದು. ಗೌಡನಿಗೆ ನೆಲ ಮಾಡಲು ಬರುವುದಿಲ್ಲ ಎಂದು ಊರವರ ಬಾಯಿಂದ ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಅದೊಂದನ್ನು ಮಾತ್ರ, ದಮಯಂತಿಗೂ ಹೇಳದೆ, ನೀರು ಬಿಟ್ಟು ನೋಡಿ ಗದ್ದೆಯ ಹಾಗೆ ಸಮ ಮಾಡಿದ್ದ. ದೊರೆಗಳು ತಟ್ಟಿದ ಚೆಂಡು ನೆಟ್ಟಗೆ ಹೋಗಿ ಕುಳಿಗೆ ಬಿತ್ತು. ಅವರು ಮುಖ ಸಿಂಡರಿಸಿದರು.

ಸಾಹುಲ್ ಹಮೀದ್ ದನಿ ತಗ್ಗಿಸಿ ಅವರ ಮಾತನ್ನು ಕನ್ನಡಕ್ಕೆ ಮಾಡಿದ. ಜಾಗ ಒಪ್ಪಿಗೆಯಾಗಿದೆ, ಬೇಲಿ ಹಾಕಬಹುದು. ಇದೊಂದು ಮಾತ್ರ ಸತ್ತ ನೆಲ. ಇದನ್ನು ಮಾಡಿದವನಿಗೆ ಮಣ್ಣಿನ ಕೆಲಸದ ಗಂಧಗಾಳಿಯೂ ಗೊತ್ತಿಲ್ಲ. ಒಂಬತ್ತೂ ಹೀಗೆಯೇ ಇದ್ದಿದ್ದರೆ ಆಗುವುದಿಲ್ಲ ಎಂದು ಹೇಳಿ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರಂತೆ.

ಗುಡ್ಡೆ ಹೋಯಿತು ಎನ್ನುವುದಕ್ಕಿಂತ ಆ ಗಂಧಗಾಳಿಯ ಮಾತೇ ಚೆನ್ನಕೇಶವನನ್ನು ಹೆಚ್ಚು ಚುಚ್ಚಿತು.

"ಸಾಯ್ಬ್ರೆ, ಅವ್ರಿಗೆ ಹೇಳಿ. ಆ ಎಂಟು ನಾನು ಬೇಕೂಂತ ಹಾಳು ಮಾಡಿದ್ದು. ಕೆಲಸ ಅಂತ ಮಾಡಿದ್ದು ಇದೊಂದೇ."

ಸಾಹುಲ್ ಹಮೀದ್ ದೊರೆಗಳ ಕಡೆ ತಿರುಗಿದ. ಇಂಗ್ಲಿಷಿನಲ್ಲಿ ಒಂದೆರಡು ಮಾತು ಹೇಳಿದ. ಅವರು ಗಟ್ಟಿಯಾಗಿ ನಕ್ಕು, ಚೆನ್ನಕೇಶವನ ಬೆನ್ನು ತಟ್ಟಿ, ಜೀಪಿನ ಕಡೆ ನಡೆದರು.

"ಎಂತ ಹೇಳಿದ್ರಿ?"

"ಗೌಡ್ರಿಗೆ ನಾಚಿಕೆ ಜಾಸ್ತಿ, ಹೊಗಳಿದ್ರೆ ಆಗುದಿಲ್ಲ ಅಂತ ಹೇಳಿದೆ. ಗುಡ್ಡೆ ಹೇಗೂ ಹೋಯ್ತಲ್ಲ, ನಿಮ್ಮ ಕೆಲಸವಾದ್ರೂ ಉಳೀಲಿ." ಅವನು ಜೀಪಿನತ್ತ ಎರಡು ಹೆಜ್ಜೆ ಹೋಗಿ ತಿರುಗಿದ. "ನಾಳೆ ಹಾರೆ ಬುಟ್ಟಿ ಹಿಡ್ಕೊಂಡು ಬನ್ನಿ ಮಾರಾಯ್ರೆ. ಇದನ್ನು ಸಹ ಹಾಳು ಮಾಡ್ಲಿಕ್ಕುಂಟು."