ಗೋಡೆ ಬದಿಯ ಕುರ್ಚಿ

ಆ ಹೆಂಗಸು ಅವಳನ್ನು ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸಿ, ಮೇಜನ್ನು ಹೊಟ್ಟೆಗೆ ತಾಗುವವರೆಗೂ ತಳ್ಳಿದಳು. ಇನ್ನು ಏಳಬೇಕೆಂದರೂ ಏಳುವಂತಿರಲಿಲ್ಲ. ಹೆಂಗಸಿನ ಕೊರಳಲ್ಲಿ ದೊಡ್ಡದೊಂದು ಬೀಗದಕೈ ಗೊಂಚಲು ತೂಗುತ್ತಿತ್ತು. ಮಾತಿಲ್ಲ, ಮುಖ ಎತ್ತಿ ನೋಡುವುದೂ ಇಲ್ಲ. ಇಲ್ಲಿ ಇವಳದೇ ದರ್ಬಾರು ಎಂದು ಅವಳಿಗೆ ಖಾತ್ರಿಯಾಯಿತು.

ಫೋನನ್ನು ಬಾಗಿಲಲ್ಲೇ ಇಸಿದುಕೊಂಡಿದ್ದರು. "ಬಳೆನೂ ತೆಗೆದುಬಿಡಮ್ಮ, ಸದ್ದಾಗುತ್ತೆ," ಎಂದಿದ್ದರು ಮೇಲ್ವಿಚಾರಕಿ. "ಒಳಗೆ ಏನೇ ನಡೆದ್ರೂ ನಾನು ನಡುವೆ ಬಾಯಿ ಹಾಕಲ್ಲ."

ಗೇಟಿನವರೆಗೆ ಕರೆತಂದ ಅಕ್ಕ ಇನ್ನೂ ನೇರವಾಗಿ ಹೇಳಿದ್ದಳು. "ಅವರು ಹೇಳಿದ ಹಾಗೆ ಕೇಳು. ಇಲ್ಲೂ ಇಟ್ಟುಕೊಳ್ಳಲ್ಲ ಅಂದ್ರೆ ನಿನ್ನನ್ನ ಇನ್ನೆಲ್ಲಿಗೆ ಕಳಿಸಲಿ? ಭಾವನ ಬಾಯಿ ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಭಾವನವರದು ದೊಡ್ಡ ಮನಸ್ಸು. ಅದು ಎಷ್ಟು ದೊಡ್ಡದೆಂದು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಅವರೇ ಹೇಳುತ್ತಿದ್ದರು. ಹಿಂದೆ ಎರಡು ಕಡೆಯಿಂದ ಅವಳನ್ನು ವಾಪಸು ಕಳಿಸಿದ್ದರು. ಇಬ್ಬರದೂ ಒಂದೇ ದೂರು: ಇವಳು ತೀರಾ ನಿಧಾನ. ಈ ಬಾಗಿಲೂ ಮುಚ್ಚಿದರೆ ಯಾವ ಮುಖ ಹೊತ್ತು ಆ ಮನೆಗೆ ಹೋಗುವುದು?

ಹೆಂಗಸು ಅವಳ ಕೊರಳಿಗೆ ಬಟ್ಟೆ ಬಿಗಿದಳು. ಗಂಜಿ ತುಂಬಿದ ಚಮಚ ಬಂದು, ಬಾಯಿ ತೆರೆಯುವ ಮೊದಲೇ ಹಲ್ಲಿಗೆ ಬಡಿಯಿತು. ನುಂಗುವಷ್ಟರಲ್ಲಿ ಇನ್ನೊಂದು. ಮತ್ತೊಂದು. ಗಲ್ಲಕ್ಕೆ ಇಳಿದದ್ದನ್ನು ಚಮಚದ ಅಂಚಿನಿಂದ ಕೆರೆದು ಮತ್ತೆ ಬಾಯಿಗೇ ತುರುಕಿದಳು. ಉಸಿರು ಸಿಕ್ಕಿಕೊಂಡಿತು.

"ತಡೀರಿ," ಎಂದಳು ಅವಳು.

"ತಡೀರಿ," ಎಂದ ಬಾಗಿಲಿಗೆ ಅಡ್ಡ ನಿಂತಿದ್ದ ಎತ್ತರದ ಗಂಡಸು, ಅವಳದೇ ಅಳುದನಿಯಲ್ಲಿ. ಅಣಕಿಸುತ್ತಿದ್ದಾನೆ ಎಂದುಕೊಂಡಳು. ಅವನ ಹಿಂದೆ ಮೇಲ್ವಿಚಾರಕಿ ಕೈಕಟ್ಟಿ ನೋಡುತ್ತಿದ್ದರು. ಅವಳಿಗೆ ನಿಜವಾಗಿ ಭಯವಾಯಿತು. ಮೂರು ಹೊತ್ತೂ ಇದೇ ಕೈ, ಇದೇ ಚಮಚವಾದರೆ ಮನುಷ್ಯರು ಇಲ್ಲಿ ಬದುಕುವುದು ಹೇಗೆ?

ಬಟ್ಟಲು ಅರ್ಧವಾಗಿರಬೇಕು, ಹೆಂಗಸು ಇದ್ದಕ್ಕಿದ್ದಂತೆ ಚಮಚ ಕೆಳಗಿಟ್ಟಳು. ಮೇಜು ಸರಿಸಿ, ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ, ತಾನೇ ಆ ಕುರ್ಚಿಯಲ್ಲಿ ಕೂತು ಮೇಜನ್ನು ತನ್ನ ಹೊಟ್ಟೆಗೆ ಎಳೆದುಕೊಂಡಳು. ಕೊರಳಿಗೆ ಬೇರೆ ಬಟ್ಟೆ ಕಟ್ಟಿಕೊಂಡು, ಇನ್ನೊಂದು ಬಟ್ಟಲನ್ನು ಅವಳತ್ತ ನೂಕಿ, ತುಟಿ ಬಿಗಿದು ಕಾದಳು.

ಇದೆಂಥ ಪರೀಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಮೊದಲು ಮೇಜನ್ನು ಸ್ವಲ್ಪ ಹಿಂದಕ್ಕೆಳೆದಳು. ಚಮಚದ ತುದಿಗಷ್ಟೇ ಗಂಜಿ ತೆಗೆದುಕೊಂಡು ಊದಿದಳು.

"ಕೊಡಲಾ?"

ಚಮಚ ಹಿಡಿದು ಹಾಗೇ ನಿಂತಳು. ತೋಳು ಸೋತಿತು. ಅವಸರ ಮಾಡುವ ಧೈರ್ಯ ಅವಳಿಗಿರಲಿಲ್ಲ, ಅಭ್ಯಾಸ ಮೊದಲೇ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆ ತುಟಿ ತಾನಾಗಿ ತೆರೆಯಿತು. ಒಂದು ತುತ್ತು. ಮತ್ತೆ ಕಾಯುವುದು. ಇನ್ನೊಂದು ತುತ್ತು.

ಮೇಲ್ವಿಚಾರಕಿ ಒಳಗೆ ಬಂದರು.

"ಮೊದಲು ಇದ್ದ ಕಡೆ ಇವರಿಗೆ ವರ್ಷಗಟ್ಟಲೆ ಹಾಗೆ ತಿನ್ನಿಸಿದ್ರು," ಎಂದರು ಅವರು ಅವಳಿಗೆ, ಹೆಂಗಸಿನತ್ತ ತೋರಿಸಿ. "ಅದನ್ನೇ ಇವರು ನಿಂಗೆ ತೋರಿಸಿದ್ದು." ಆಮೇಲೆ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಾಗಿಲಲ್ಲಿದ್ದ ಗಂಡಸಿನತ್ತಲೂ ಒಮ್ಮೆ ನೋಡಿ, ಬೀಗದಕೈ ಹೆಂಗಸನ್ನು ಕೇಳಿದರು: "ಇದು ನಿಮ್ಮಿಬ್ಬರ ಮನೆ, ನಾವು ಸಂಬಳಕ್ಕೆ ಇರೋರು. ನೀವೇ ಹೇಳಿ, ಈ ಆಯಾನ ಕೆಲಸಕ್ಕೆ ಇಟ್ಟುಕೊಳ್ಳೋಣವಾ?"

ಹೆಂಗಸು ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಸರಿಸಿದಳು. ಯಾರ ಮುಖವನ್ನೂ ನೋಡಲಿಲ್ಲ.

"ನಿಧಾನ," ಎಂದಳು. "ಇರಲಿ ಇವಳು."

"ಇರಲಿ ಇವಳು," ಎಂದ ಬಾಗಿಲಲ್ಲಿದ್ದ ಗಂಡಸು, ಈ ಸಲ ಹೆಂಗಸಿನ ದನಿಯಲ್ಲಿ.