ಕೂಡಿ ಹೇಳಬೇಕಾದ ಮಾತು

ಬ್ಲಾಗನ್ನು ಮುಚ್ಚಬೇಕೆಂದರೆ, ಅದನ್ನು ಶುರುಮಾಡಿದವರೆಲ್ಲ ಅದರೆದುರು ನಿಂತು ಒಂದೇ ದನಿಯಲ್ಲಿ ‘ಹೋಗಿ ಬಾ’ ಅನ್ನಬೇಕು. ಬ್ಲಾಗು ಮುಚ್ಚಿಕೊಡುವ ಧಾರವಾಡದ ಕಚೇರಿಯಲ್ಲಿ, ಮುರಿದುಬಿದ್ದ ನಮ್ಮ ಬ್ಯಾಂಡಿನ ಮೂವರೂ ಬ್ಯಾಂಡಿನ ಬ್ಲಾಗಿನೆದುರು ನಿಂತಿದ್ದೆವು. ಡ್ರಮ್ ಬಾರಿಸುತ್ತಿದ್ದ ಮಾಲತೇಶ ಮೊದಲ ಸಲ ಎಂದಿನಂತೆ ತಡವಾಗಿ ಅಂದ. ಎರಡನೇ ಸಲ ಗಿಟಾರಿನ ಶಕೀಲ ಅವಸರ ಮಾಡಿದ.

“ಸ್ಟೇಜ್ ಮ್ಯಾಲೂ ಹಿಂಗಽ ಹಾಳ್ ಮಾಡಿದ್ರಿ,” ಎಂದೆ.

“ನಡುವ ಬಿಟ್ಟ್ ಓಡಿದಾಂವ ನೀ, ಸುಮ್ನಿರು,” ಎಂದ ಶಕೀಲ.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ತೆರೆಯೊಳಗಿನಿಂದ ಬ್ಲಾಗು ನಕ್ಕಿತು.

“ಇವತ್ತರೇ ಜಗಳ ಬಿಡ್ರೋ. ನಿಮ್ಮ ಒಂದೊಂದ್ ತಪ್ಪೂ ಬರದಿಟ್ಟದ್ದು ನಾನಽ. ನಾ ಎಣಸ್ತೀನಿ, ಕೂಡಿ ಹೇಳ್ರಿ. ಒಂದು, ಎರಡು, ಮೂರು...”

ಜೀವಮಾನದಲ್ಲಿ ಮೊದಲ ಸಲ ನಮ್ಮ ಮೂವರ ತಾಳ ಕೂಡಿತು. ಅದನ್ನು ಬರೆದಿಡಲು ಬ್ಲಾಗು ಇರಲಿಲ್ಲ.