ಪೈಲಟ್ ಕುಪ್ಪುಸಾಮಿ ಗೆದ್ದ ದಿನ

ಪೈಲಟ್ ಕುಪ್ಪುಸಾಮಿಯ ಮೊದಲ ವಿಮಾನ ಹನ್ನೊಂದು ಸೆಕೆಂಡಿಗೆ ಸಮುದ್ರಕ್ಕೆ ಬಿತ್ತು. ಎರಡನೆಯದನ್ನು ಶತ್ರುಗಳು ಹೊಡೆದರು. ಮೂರನೆಯದನ್ನು ಅವನೇ ತನ್ನ ಹಡಗಿಗೆ ಗುದ್ದಿಸಿದ. ಬೆನ್ನ ಹಿಂದೆ ಇಪ್ಪತ್ತು ಮಂದಿ ಮುತ್ತಿಕೊಂಡು ನೋಡುತ್ತಿದ್ದರು.

"ಅಣ್ಣಾ, ಯುದ್ಧದಲ್ಲಿ ನೀವು ನಮ್ಮ ಕಡೆ ಇದ್ರಾ, ಅವರ ಕಡೆ ಇದ್ರಾ?" ಎಂದು ದನದ ದಲ್ಲಾಳಿ ರಂಗಸಾಮಿ ಕೇಳಿದ.

"ನಮ್ಮ ವಿಮಾನದಲ್ಲಿ ಹಿಡಿ ಈ ಕಡೆ ಇರಲ್ಲ," ಎಂದು ಕುಪ್ಪುಸಾಮಿ ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡ.

ಅದು ೧೯೮೭. ತಮಿಳುನಾಡಿನ ಕಾಂಗೇಯಂ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಬಾಲಸುಬ್ರಮಣಿಯನ್ ಮದ್ರಾಸಿನಿಂದ ಬೀರುವಿನಷ್ಟು ಎತ್ತರದ ಹಳೆಯ ವಿಡಿಯೋ ಗೇಮ್ ಯಂತ್ರ ತಂದಿದ್ದ. ಒಂದು ನಾಣ್ಯಕ್ಕೆ ಮೂರು ವಿಮಾನ. ಸಮುದ್ರದ ಮೇಲೆ ಹಾರುತ್ತ, ಎದುರು ಬಂದವರನ್ನೆಲ್ಲ ಹೊಡೆಯುತ್ತ ಇಪ್ಪತ್ತನಾಲ್ಕು ಹಂತ ದಾಟಬೇಕು. ಅವತ್ತು ಬೆಳಿಗ್ಗೆ ಕರ್ಪೂರ ಹಚ್ಚಿ, ಮೊದಲ ನಾಣ್ಯ ಹಾಕಲು ಕುಪ್ಪುಸಾಮಿಯನ್ನೇ ಕರೆಸಿದ್ದ. ಹದಿನೈದು ವರ್ಷ ವಾಯುಪಡೆಯಲ್ಲಿದ್ದವನು ಊರಿನಲ್ಲಿ ಇನ್ನಾರು? ಈಗ ಎಣ್ಣೆ ಗಾಣದ ಮೇಸ್ತ್ರಿಯಾಗಿದ್ದರೂ, ಕತ್ತಲೆಯ ಕೊಬ್ಬರಿ ಗೋದಾಮಿನೊಳಗೂ ಅವನ ಕಪ್ಪು ಕನ್ನಡಕ ಕೆಳಗಿಳಿಯುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ವಿಮಾನ ಓಡಿಸಿದೆ ಎಂದು ಅವನಾಗಿ ಹೇಳಿದವನಲ್ಲ. ಊರಿಗೆ ವಾಪಸು ಬಂದ ಹೊಸದರಲ್ಲಿ ಟೀ ಅಂಗಡಿಯಲ್ಲಿ ಯಾರೋ "ವಿಮಾನ ಓಡಿಸ್ತಿದ್ರಾ?" ಎಂದು ಕೇಳಿದ್ದರು. ಬಾಯಲ್ಲಿ ಟೀ ಇತ್ತು. ಅದು ಗಂಟಲಿಗಿಳಿಯುವಷ್ಟರಲ್ಲಿ ಅವನು ಪೈಲಟ್ ಆಗಿಬಿಟ್ಟಿದ್ದ. ಆಮೇಲೆ ಕೇಳಿದವರಿಗೆ ಬೇಸರವಾಗಬಾರದೆಂದು ಒಂದೊಂದೇ ಹೇಳುತ್ತ ಬಂದ. ಹತ್ತು ವರ್ಷದಲ್ಲಿ ನಾಲ್ಕು ಶತ್ರು ವಿಮಾನ ಕೆಡವಿದ್ದ. ವಿಮಾನದೊಳಗೆ ಮಾತ್ರ ಒಂದು ದಿನವೂ ಕೂತಿರಲಿಲ್ಲ.

ಮರುದಿನದಿಂದ ಗಾಣದಲ್ಲಿ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಕುಪ್ಪುಸಾಮಿ ಅಂಗಡಿಗೆ ಬಂದು ಕೂರತೊಡಗಿದ. ಊಟದ ಕ್ಯಾರಿಯರು ತೆರೆಯದೆಯೇ ಮನೆಗೆ ವಾಪಸಾಗುತ್ತಿತ್ತು. ಕೈಯ ತುಂಬ ಕೊಬ್ಬರಿ ಎಣ್ಣೆ, ಹಿಡಿ ಜಾರುತ್ತಿತ್ತು. ಅಂಗಡಿಯ ಪಿಳ್ಳೆಯಾರ್ ಗಣಪನ ಪಟದ ಮುಂದಿನ ವಿಭೂತಿಯನ್ನು ಹಿಡಿಹಿಡಿಯಾಗಿ ತೆಗೆದು ಅಂಗೈಗೆ ಬಳಿದುಕೊಂಡ.

"ಮಾಮಾ, ಅದು ದೇವರದು!" ಎಂದು ಬಾಲಸುಬ್ರಮಣಿಯನ್ ಕೂಗಿದ.

"ದೇವರು ಯಾವ ಕಡೆ ಅಂತ ಅವನೂ ಹೇಳಲಿ."

ರಂಗಸಾಮಿ ಹಿಂದೆ ನಿಂತು ಹೋರಿ ಓಡಿಸುವವನ ಹಾಗೆ ಕೂಗುತ್ತಿದ್ದ: "ಎಡಕ್ಕೆ ಎಳಿ! ಬಾಲ ತಿರುವು!"

ಎರಡು ತಿಂಗಳಾದ ಮೇಲೆ ಒಂದು ಬುಧವಾರ, ಇಪ್ಪತ್ತನಾಲ್ಕನೆಯ ಹಂತದ ಕೊನೆಗೆ ಪರದೆಯಗಲದ ಕರಿ ವಿಮಾನವೊಂದು ಚೂರುಚೂರಾಯಿತು. ಅಂಗಡಿಯೇ ಹಾರಿಹೋಗುವಂತೆ ಜನ ಕೂಗಿದರು. ಪರದೆಯ ಮೇಲೆ ಪುಟ್ಟ ವಿಮಾನ ಹಡಗಿಗೆ ಇಳಿಯಿತು, ನಾಲ್ಕು ಇಂಗ್ಲಿಷ್ ಪದ ಮಿನುಗಿದವು, ಪೀಂ ಪೀಂ ಎಂದು ಪೀಪಿ ಊದಿತು. ಆಮೇಲೆ ಅದೇ ಸಮುದ್ರ, ಅದೇ ಮೋಡ. ಮೊದಲನೇ ಹಂತದ ಮೊದಲನೇ ಶತ್ರು ಎಡಗಡೆಯಿಂದ ಬಂದ.

"ಇಷ್ಟೇನಾ?" ಎಂದ ಕುಪ್ಪುಸಾಮಿ.

"ಇಷ್ಟೇ ಮಾಮಾ. ಮತ್ತೆ ಮೊದಲಿಂದ. ಸತ್ತವರೆಲ್ಲ ಎದ್ದು ಬರ್ತಾರೆ," ಎಂದ ಬಾಲಸುಬ್ರಮಣಿಯನ್.

ಕುಪ್ಪುಸಾಮಿ ಹಿಡಿಯಿಂದ ಕೈ ತೆಗೆದ. ರಂಗಸಾಮಿ ಯಾವುದೋ ಎತ್ತಿಗೆಂದು ತಂದಿದ್ದ ಹಾರವನ್ನು ಅವನ ಕೊರಳಿಗೆ ಹಾಕಿ, "ಯುದ್ಧದಲ್ಲೂ ಹೀಗೇನಾ ಅಣ್ಣಾ?" ಎಂದ.

"ನನಗೆ ಗೊತ್ತಿಲ್ಲಪ್ಪ. ನಾನು ಅಡುಗೆಮನೆಯಲ್ಲಿದ್ದೆ." ಹೇಳಲು ಶುರು ಮಾಡಿದ ಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. "ನಾನು ಅಡುಗೆಯವನು. ಎಷ್ಟು ಜನ ವಿಮಾನದಲ್ಲಿ ಮೇಲೆ ಹೋದರೋ ಅಷ್ಟು ತಟ್ಟೆ ಹಾಕಿ ಕಾಯ್ತಿದ್ದೆ. ಎಪ್ಪತ್ತೊಂದರ ಡಿಸೆಂಬರಲ್ಲಿ ಒಂದು ದಿನ ಮೂರು ತಟ್ಟೆ ಮಿಕ್ಕವು. ಯಾರೂ ಮುಟ್ಟದ ತಟ್ಟೆ. ಆದರೂ ತೊಳೆದಿಟ್ಟೆ."

ರಂಗಸಾಮಿ ಕಣ್ಣೊರೆಸಿಕೊಂಡು ಎಲ್ಲರ ಕಡೆ ತಿರುಗಿದ.

"ನೋಡಿದ್ರಾ? ನಾಲ್ಕು ವಿಮಾನ ಕೆಡವಿದ ಮನುಷ್ಯ, ಅಡುಗೆ ಮಾಡ್ತಿದ್ದೆ ಅಂತಾನೆ! ದೊಡ್ಡೋರು ಅಂದ್ರೆ ಹೀಗಿರಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕುಪ್ಪುಸಾಮಿ ತಮಿಳಿನಲ್ಲಿ ಆಣೆಯಿಟ್ಟ, ಮನೆಮಾತು ಕನ್ನಡದಲ್ಲೂ ಆಣೆಯಿಟ್ಟ. ಚಪ್ಪಾಳೆ ಇನ್ನೂ ಜೋರಾಯಿತು.

ನಂಬಿದವಳು ಒಬ್ಬಳೇ. ಕ್ಯಾರಿಯರು ದಿನಾ ಯಾಕೆ ತುಂಬಿದ ಹಾಗೇ ವಾಪಸು ಬರುತ್ತದೆಂದು ನೋಡಲು ಅವನ ಹೆಂಡತಿ ಸಾಮಿಯಾತಾಳ್ ಅಂದು ತಾನೇ ಬಂದು ಬಾಗಿಲಲ್ಲಿ ನಿಂತಿದ್ದಳು. ಮದುವೆಯಾದ ಮೇಲೂ ಅತ್ತೆಯ ಜೊತೆ ಊರಿನಲ್ಲೇ ಉಳಿದವಳು. ಗಂಡ ದೂರದಲ್ಲಿ ವಿಮಾನ ಹಾರಿಸುತ್ತಿದ್ದನೆಂದರೆ ಅದನ್ನೂ ಇಲ್ಲಿಯವರೆಗೆ ನಂಬಿದ್ದಳು.

"ಏನುಂಗ," ಎಂದು ಗಂಡನನ್ನು ಕರೆದಳು. "ಎಷ್ಟು ಮಂದಿಗೆ ಅಡುಗೆ ಮಾಡ್ತಿದ್ರಿ?"

"ಮುನ್ನೂರು."

"ಏನೇನು ಮಾಡೋಕೆ ಬರ್ತದೆ?"

"ಎಲ್ಲಾನೂ. ಪೂರಿ, ಕುರ್ಮಾ, ಪಾಯಸ..." ಅವನ ದನಿ ಸಣ್ಣದಾಗುತ್ತ ಹೋಯಿತು.

"ನನಗೆ ಟೈಫಾಯ್ಡ್ ಬಂದು ಮಲಗಿದ್ನಲ್ಲ, ಆಗ ಗಂಜಿ ಮಾಡೋದು ಹೇಗೆ ಅಂತ ಪಕ್ಕದ ಮನೆ ಕಣ್ಣಮ್ಮನ್ನ ಕೇಳೋಕೆ ಹೋಗಿದ್ರಿ."

ಸಾಮಿಯಾತಾಳ್ ಸೊಂಟದಿಂದ ಮನೆಯ ಬೀಗದಕೈ ತೆಗೆದು ಗಂಡನ ಅಂಗೈಯಲ್ಲಿಟ್ಟಳು. "ಪೂರಿ ಸಾಕು. ಆದಮೇಲೆ ಹೇಳಿ ಕಳಿಸಿ," ಎಂದು ಅವನನ್ನು ಸ್ಟೂಲಿನಿಂದ ಎಬ್ಬಿಸಿ, ಸೆರಗು ಸಿಕ್ಕಿಸಿ ತಾನು ಕೂತಳು. ಹಿಡಿಯನ್ನೊಮ್ಮೆ ಅಲ್ಲಾಡಿಸಿ ನೋಡಿ ಬಾಲಸುಬ್ರಮಣಿಯನ್ ಕಡೆ ತಿರುಗಿದಳು.

"ಇದರಲ್ಲಿ ಗುಂಡು ಹಾರಿಸೋದು ಯಾವುದಪ್ಪ?"